ಹತ್ತು ಬಟನ್, ಒಂಬತ್ತಲ್ಲ

ದೊರೆಸ್ವಾಮಿ ಮೇಷ್ಟ್ರೇ,

ಹಿರಿಯರಿಗೆ ಕಾಗದ ಬರೆಯುವಾಗ ಮೊದಲು ನಮಸ್ಕಾರ ಬರೆಯಬೇಕು ಅಂತ ಶಾಲೆಯಲ್ಲಿ ಕಲಿಸಿದ್ದರು. ಬರೆದೆ, ಆಮೇಲೆ ಹೊಡೆದು ಹಾಕಿದೆ. ನೀವು ನನ್ನ ಗುರುಗಳು, ಅದನ್ನು ಅಲ್ಲಗಳೆಯುವುದಿಲ್ಲ. ಪ್ಲಾಸ್ಟಿಕ್ ಇಟ್ಟಿಗೆ ಕೂಡಿಸಿ ಊರು ಕಟ್ಟುವುದನ್ನು, ಆ ಊರಿನೊಳಗೆ ರೈಲು ಓಡಿಸುವುದನ್ನು ಕಲಿಸಿದವರು ನೀವೇ. ಆದರೆ ನೀವು ಹೋಗಿ ಒಂದೂವರೆ ವರ್ಷವಾದ ಮೇಲೂ ನಿಮ್ಮ ಹೆಸರು ಕಿವಿಗೆ ಬಿದ್ದರೆ ಹಲ್ಲು ಕಡಿಯುತ್ತೇನೆ. ಸತ್ತವರ ಮೇಲೆ ಹಗೆ ಇಟ್ಟುಕೊಳ್ಳಬಾರದು ಅನ್ನುತ್ತಾರೆ ಜನ. ಹಾಗೆ ಅನ್ನುವವರನ್ನು ಯಾರೂ ತುಂಬಿದ ಸಭೆಯಲ್ಲಿ ಅಳತೆ ಬಾರದವಳು ಅಂತ ಕರೆದಿರುವುದಿಲ್ಲ.

ನೀವು ಮೊದಲ ಸಲ ಜೋಗುಪಾಳ್ಯದ ನನ್ನ ಅಂಗಡಿಗೆ ಬಂದ ದಿನ ನೆನಪಿದೆಯೇ? ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದೇ ಮಿಷನ್ನು, ಒಂದು ಸ್ಟೂಲು, ಗೋಡೆಗೆ ನೇತು ಹಾಕಿದ ರವಿಕೆಗಳು. ನೀವು ಕೊಡೆ ಮಡಚಿ ಬಾಗಿಲಲ್ಲೇ ನಿಂತು, "ಏನಮ್ಮಾ, ಮೇಜಿಗೆ ಫ್ರಿಲ್ ಹೊಲಿದು ಕೊಡ್ತೀಯಾ? ಒಂಬತ್ತು ಮೇಜು ಸಾಲಾಗಿ ಇರ್ತಾವೆ, ಕಾಲು ಕಾಣಬಾರದು," ಅಂದಿರಿ. ಅಳತೆ ತೆಗೆಯಲು ಹಲಸೂರಿನ ನಿಮ್ಮ ಮನೆಗೆ ಬಂದೆ. ಮಹಡಿ ಮೇಲಿನ ಕೋಣೆಯ ಬಾಗಿಲು ತೆಗೆದಾಗ ಒಂದು ಗೂಡ್ಸ್ ಗಾಡಿ ಹಸಿರು ಗುಡ್ಡದ ಸುರಂಗದಿಂದ ಹೊರಗೆ ಬರುತ್ತಿತ್ತು. ಟೇಪು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ನೀವು ನಕ್ಕು, "ಅಳತೆ ಆಮೇಲೆ ತಗೋ, ಮೊದ್ಲು ನೋಡು," ಅಂದಿರಿ. ಅಷ್ಟು ಒಳ್ಳೆಯ ಮಾತನ್ನು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ನಿಮ್ಮ ಮಹಡಿಯಲ್ಲಿ ಸೇರುತ್ತಿದ್ದ ಇಟ್ಟಿಗೆ-ರೈಲಿನ ಸಂಘಕ್ಕೆ ನಾನು ಸೇರಿದ ಭಾನುವಾರವೂ ನೆನಪಿದೆ. ನಮ್ಮಪ್ಪ ಅಮ್ಮ ರಾಯಚೂರಿನ ಕಡೆಯಿಂದ ಬಂದು ಇಂದಿರಾನಗರದ ಮನೆಗಳಿಗೆ ಇಟ್ಟಿಗೆ ಹೊತ್ತವರು. ಮಗಳು ಆಟದ ಇಟ್ಟಿಗೆ ಜೋಡಿಸಲು ಹೋಗುತ್ತಾಳೆ ಅಂದಾಗ ಅಮ್ಮ, "ನಾ ಹೊತ್ತದ್ದು ಸಾಲಲಿಲ್ಲೇನವ್ವ, ನೀನೂ ಹೊರತೀಯೇನು?" ಅಂತ ನಕ್ಕಿದ್ದಳು. ಸಂಘದಲ್ಲಿ ಎಂಟು ಜನ ಗಂಡಸರು, ನಾನೊಬ್ಬಳೇ ಹೆಂಗಸು. ಅಲ್ಲ, ತಪ್ಪು ಬರೆದೆ. ನಿಮ್ಮ ಹೆಂಡತಿ ಕೋಮಳಮ್ಮನೂ ಇರುತ್ತಿದ್ದರು, ಕಾಫಿ ತಟ್ಟೆ ಹಿಡಿದು ಮೆಟ್ಟಿಲ ತುದಿಯವರೆಗೆ. ಕೋಣೆಯೊಳಗೆ ಕಾಲಿಟ್ಟರೆ, "ಸೀರೆ ಸೆರಗು ತಾಗಿ ಏನಾದ್ರೂ ಬೀಳುತ್ತೆ, ಅಲ್ಲೇ ಇಡು," ಅನ್ನುತ್ತಿದ್ದಿರಿ. ನಾನೂ ಸೀರೆಯಲ್ಲೇ ಇರುತ್ತಿದ್ದೆ, ಆದರೂ ನನ್ನನ್ನು ಒಳಗೆ ಬಿಟ್ಟಿದ್ದಿರಿ. ಆಗ ಅದು ನನಗೆ ಹೆಮ್ಮೆಯ ವಿಷಯವಾಗಿತ್ತು, ಈಗ ನೆನೆದರೆ ನಾಚಿಕೆಯಾಗುತ್ತದೆ.

ನೀವು ಕಲಿಸುತ್ತಿದ್ದ ರೀತಿಯನ್ನು ಮಾತ್ರ ಬಾಯ್ತುಂಬ ಹೊಗಳುತ್ತೇನೆ. ಒಬ್ಬೊಬ್ಬರು ಒಂದೊಂದು ಹಲಗೆ ತೆಗೆದುಕೊಂಡು ಅವರವರ ಮನೆಯಲ್ಲಿ ಕಟ್ಟಬೇಕು. ಅದರ ಮೇಲೆ ಕೆರೆ ಮಾಡಿ, ಸಂತೆ ಮಾಡಿ, ಯಾರೂ ಕೇಳುವುದಿಲ್ಲ. ಆದರೆ ಹಳಿ ಮಾತ್ರ ಎಲ್ಲರದ್ದೂ ಒಂದೇ ಜಾಗದಲ್ಲಿ ಬರಬೇಕು. ಪ್ರದರ್ಶನದ ದಿನ ಹಲಗೆಗಳನ್ನು ಪಕ್ಕಪಕ್ಕ ಇಟ್ಟು ಕೊಂಡಿ ಹಾಕಿದರೆ ನನ್ನ ಮನೆಯ ರೈಲು ಶಿವಾಜಿನಗರದ ಇಸ್ಮಾಯಿಲ್ ಭಾಯಿಯ ಹಲಗೆಗೆ ಹೋಗಬೇಕು, ಅಲ್ಲಿಂದ ನಿಮ್ಮದಕ್ಕೆ. ಇಟ್ಟಿಗೆಯ ತಲೆಯ ಮೇಲಿನ ಪುಟ್ಟ ಉಬ್ಬುಗಳಿಗೆ ನಾವು ಬಟನ್ ಅನ್ನುತ್ತಿದ್ದೆವು. ನಿಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದ ನಿಯಮದ ಹಾಳೆ ಗೋಡೆಯ ಮೇಲಿತ್ತು: 'ಮುಂದಿನ ಅಂಚಿನಿಂದ ಹಳಿಯವರೆಗೆ ಹತ್ತು ಬಟನ್ ಖಾಲಿ ಬಿಡತಕ್ಕದ್ದು.' ಮೂವತ್ತು ವರ್ಷ ಮಕ್ಕಳಿಗೆ ಡ್ರಾಯಿಂಗ್ ಕಲಿಸಿದ ಕೈ. ಆ ಹಾಳೆಯನ್ನು ನಾನು ಅಂಗಡಿಯ ಅಳತೆ ಪುಸ್ತಕದಲ್ಲಿ ಬರೆದುಕೊಂಡೆ.

ಆದರೆ ಆ ಹಾಳೆಯನ್ನು ಓದಿದವಳು ಇಡೀ ಸಂಘದಲ್ಲಿ ನಾನೊಬ್ಬಳೇ ಅಂತ ಆಗ ನನಗೆ ಗೊತ್ತಿರಲಿಲ್ಲ. ಉಳಿದವರದ್ದೆಲ್ಲ ಒಂದೇ ಪದ್ಧತಿ. ಖಾಲಿ ಹಲಗೆ ಹೊತ್ತು ನಿಮ್ಮ ಮನೆಗೆ ಬರುವುದು, ನಿಮ್ಮ ಹಲಗೆಯ ಪಕ್ಕ ಇಡುವುದು, ನಿಮ್ಮ ಹಳಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ತಮ್ಮದನ್ನು ಶುರು ಮಾಡುವುದು. ಅದಕ್ಕೆ 'ಹಲಗೆ ಒಪ್ಪಿಸೋದು' ಅಂತ ಹೆಸರು ಬೇರೆ. ನೀವು ಕನ್ನಡಕ ಹಣೆಗೆ ಏರಿಸಿ, ಬಗ್ಗಿ ನೋಡಿ, "ಹ್ಞೂಂ," ಅಂದರೆ ಮುಗಿಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಎಣಿಸಿ ನೋಡುವವರು ಯಾರಿದ್ದರು?

ನನ್ನ ಮೊದಲ ಹಲಗೆಯ ಮೇಲೆ ಸ್ಟೇಷನ್ನು ಕಟ್ಟಿದ ದಿನಗಳನ್ನು ನಿಮಗೆ ಹೇಳಿಯೇ ಇಲ್ಲ. ಅಂಗಡಿ ಮುಚ್ಚಿದ ಮೇಲೆ ಒಂದು ಗಂಟೆ, ದಿನವೂ, ಹದಿನಾಲ್ಕು ತಿಂಗಳು. ದಂಡು ರೈಲ್ವೆ ನಿಲ್ದಾಣದ ಕಲ್ಲಿನ ಗೋಡೆಗೆ ಬೂದು ಬಣ್ಣದ ಇಟ್ಟಿಗೆ ಬೇಕಿತ್ತು, ಇಲ್ಲಿ ಸಿಗುತ್ತಿರಲಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಮಕ್ಕಳು ಆಡಿ ಬಿಟ್ಟ ಡಬ್ಬಿಗಳನ್ನು ಕೊಂಡು ತಂದು, ಬಕೆಟ್ಟಿನಲ್ಲಿ ಸೋಪು ಹಾಕಿ ತೊಳೆದು, ಬೂದು ಬಣ್ಣದ್ದನ್ನು ಆರಿಸುತ್ತಿದ್ದೆ. ನೀವೂ ಸಿಂಗಾಪುರದಿಂದ ನಿಮ್ಮಣ್ಣ ಕಳಿಸಿದ್ದರಲ್ಲಿ ಒಂದು ಡಬ್ಬಿ ತುಂಬ ಕೊಟ್ಟಿರಿ, ಅದನ್ನೂ ಮರೆತಿಲ್ಲ. ಮದುವೆ ಸೀಸನ್ ಶುರುವಾಗಿ ರವಿಕೆಗಳು ಮೇಲೆ ಬಿದ್ದವು. ಎರಡು ಭಾನುವಾರ ಬರಲಾಗಲಿಲ್ಲ, ಹಲಗೆ ಒಪ್ಪಿಸಲೂ ಆಗಲಿಲ್ಲ. ಅಳತೆ ಪುಸ್ತಕ ಇದೆಯಲ್ಲ ಅಂದುಕೊಂಡೆ. ಹತ್ತು ಬಟನ್ ಎಣಿಸಿದೆ, ಮೂರು ಸಲ ಎಣಿಸಿದೆ, ಹಳಿ ಒತ್ತಿದೆ.

ಪ್ರದರ್ಶನದ ಬೆಳಿಗ್ಗೆ ಅಮ್ಮ ಇಳಕಲ್ ಸೀರೆ ಉಟ್ಟು ಬಂದಳು. ದೊಮ್ಮಲೂರಿನ ಫ್ಲೈಓವರ್ ಅರ್ಧಕ್ಕೆ ನಿಂತಿದ್ದ ಕಾಲ, ಆಟೋ ಸುತ್ತಿ ಸುತ್ತಿ ಇಂದಿರಾನಗರದ ಆ ಸಭಾಭವನಕ್ಕೆ ತಂದು ಬಿಟ್ಟಿತು. ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ, ಮಗುವನ್ನು ಕೂಡ ಯಾರೂ ಅಷ್ಟು ಜೋಪಾನವಾಗಿ ಹಿಡಿದಿರುವುದಿಲ್ಲ. ಒಳಗೆ ನನ್ನ ಗಿರಾಕಿಗಳು ಎಷ್ಟೊಂದು ಜನ! ತಿಂಗಳಿಂದ ಎಲ್ಲರಿಗೂ ಬನ್ನಿ ಬನ್ನಿ ಅಂದಿದ್ದೆ. ಹಲಗೆಗಳನ್ನು ಕೂಡಿಸಿದರು. ರೈಲು ನಿಮ್ಮ ಗುಡ್ಡ ದಾಟಿ ನನ್ನ ಸ್ಟೇಷನ್ನಿಗೆ ಬರುವ ಕಡೆ ಹಳಿ ಹಳಿಗೆ ಸೇರಲಿಲ್ಲ. ಇಂಜಿನ್ ಮಗುಚಿತು. ಎತ್ತಿ ಇಟ್ಟರು, ಮತ್ತೆ ಮಗುಚಿತು.

ಆ ಗಳಿಗೆಯಲ್ಲಿ ನೀವು ಏನು ಮಾಡಿದಿರಿ ಅನ್ನುವುದು ಆಗ ನನಗೆ ಮತ್ತು ನಿಮಗೆ ಮಾತ್ರ ಗೊತ್ತಿತ್ತು. "ಮೇಷ್ಟ್ರೇ, ಗೋಡೆ ಮೇಲೆ ಹತ್ತು ಅಂತಿದೆ, ನಾನು ಹತ್ತೇ ಬಿಟ್ಟಿದ್ದೀನಿ," ಅಂದೆ. ನೀವು ಬಗ್ಗಿದಿರಿ. ಬೆರಳಿಟ್ಟು ನಿಮ್ಮ ಹಲಗೆಯ ಬಟನ್‌ಗಳನ್ನು ಎಣಿಸಿದಿರಿ, ತುಟಿ ಅಲ್ಲಾಡುವುದು ನನಗೆ ಕಾಣುತ್ತಿತ್ತು. ಒಂಬತ್ತಕ್ಕೆ ನಿಂತಿತು. ಹತ್ತನೆಯದು ಹಳಿಯ ಕೆಳಗೆ ಹೋಗಿತ್ತು. ಹಳಿ ಕೂತ ಬಟನ್ನನ್ನೂ ಸೇರಿಸಿ ಎಣಿಸಿದ್ದಿರಿ, ಸಂಘ ಶುರು ಮಾಡಿದ ದಿನವೇ. ಹೊಲಿಗೆಗೆ ಬಿಡುವ ಬಟ್ಟೆಯನ್ನೂ ಅಳತೆಗೆ ಸೇರಿಸಿ ಕತ್ತರಿಸುವವರು ಇರುತ್ತಾರೆ, ಕಲಿಯುವ ಹುಡುಗಿಯರು, ಮೊದಲ ವಾರ. ಅಂಥದೇ ತಪ್ಪು. ಎಲ್ಲರೂ ಮಾಡುವಂಥದ್ದು, ನಕ್ಕು ತಿದ್ದಿಕೊಳ್ಳುವಂಥದ್ದು.

ನೀವು ನೆಟ್ಟಗೆ ನಿಂತಿರಿ. ಕನ್ನಡಕ ಸರಿ ಮಾಡಿಕೊಂಡು ಜನರ ಕಡೆ ತಿರುಗಿದಿರಿ. "ಕುಣಿಲಾರ್ದೋಳು ನೆಲ ಡೊಂಕು ಅಂದ್ಲಂತೆ. ಅಳತೆ ಬಾರದವಳು ಟೈಲರ್ ಆದ್ರೆ ಹಿಂಗೇನಮ್ಮಾ ಆಗೋದು!" ಎಲ್ಲರೂ ನಕ್ಕರು. ನನ್ನ ಗಿರಾಕಿಗಳು ನಕ್ಕರು. ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿ, ನಾನೇ ಹೊಲಿದ ಬಟ್ಟೆಯನ್ನು ಅದರ ಮೇಲೆ ಹೊದಿಸಿದಿರಿ. ಅಮ್ಮ ಕೈ ಹಿಡಿದು, "ನಡಿಯವ್ವ, ನಕ್ಕವರ ಹಲ್ಲು ಕಾಣ್ತಾವ ಅಷ್ಟ, ಮನಿಗೆ ಹೋಗೂಣು," ಅಂದಳು. ನಾನು ಅಳಲಿಲ್ಲ. ಮೇಷ್ಟ್ರಿಗೆ ಗಡಿಬಿಡಿಯಲ್ಲಿ ಬಾಯಿ ತಪ್ಪಿತು, ನಾಳೆ ಕರೆದು ಹೇಳುತ್ತಾರೆ ಅಂತ ಇನ್ನೂ ಅಂದುಕೊಂಡಿದ್ದೆ. ಎಂಥ ಪೆದ್ದಿ, ಅಲ್ಲವೇ?

ಮುಂದಿನ ಭಾನುವಾರ ನಿಮ್ಮ ಮಹಡಿ ಹತ್ತಿದೆ. ಗೋಡೆಯ ಮೇಲಿನ ಹಾಳೆ ನೋಡಿದೆ. ಹೊಸ ಹಾಳೆ. ಹಳೆಯದು ಬಿಸಿಲಿಗೆ ಹಳದಿಯಾಗಿತ್ತು, ಇದು ಬೆಳ್ಳಗಿತ್ತು. ಅದೇ ಮುತ್ತಿನಂಥ ಅಕ್ಷರ: 'ಒಂಬತ್ತು ಬಟನ್ ಖಾಲಿ ಬಿಡತಕ್ಕದ್ದು.' ನೀವು ಕಿಟಕಿಯ ಹತ್ತಿರ ಇಂಜಿನ್ನಿಗೆ ಸೆಲ್ಲು ಹಾಕುತ್ತಿದ್ದಿರಿ. ನನ್ನ ಕಡೆ ನೋಡಲಿಲ್ಲ. ಇಸ್ಮಾಯಿಲ್ ಭಾಯಿಗೆ ಮೆಲ್ಲಗೆ ತೋರಿಸಿದೆ. ಅವರು ಗಡಿಯಾರ ರಿಪೇರಿ ಮಾಡುವವರು, ಕೂದಲೆಳೆ ವ್ಯತ್ಯಾಸ ಹಿಡಿಯುವವರು. ಆದರೂ, "ಜಾನೇ ದೋ ಬೆಹೆನ್, ಬಿಟ್ಬಿಡಿ. ಮೇಷ್ಟ್ರು ಹಂಗೆ ಮಾಡೋರಲ್ಲ. ನಿಮ್ಗೇ ಏನೋ ನೆನಪು ತಪ್ಪಿರ್ಬೇಕು," ಅಂದರು. ಆವತ್ತೇ ಮೆಟ್ಟಿಲಿಳಿದು ಬಂದವಳು ಆಮೇಲೆ ಹತ್ತಲಿಲ್ಲ.

ಆಮೇಲಿನ ವರ್ಷಗಳು ಹೇಗಿದ್ದವು ಅಂತ ನೀವು ಒಂದು ದಿನವಾದರೂ ಯೋಚಿಸಿದ್ದಿರಾ? ಓಣಿಯಲ್ಲಿ ಆ ಮಾತು ನಿಂತುಹೋಯಿತು ಅಂದುಕೊಳ್ಳಬೇಡಿ. ಹೊಸದಾಗಿ ಬಂದ ಹೆಂಗಸರೂ ರವಿಕೆ ಕೊಡುವಾಗ, "ಅಳತೆ ಸರಿಯಾಗಿ ತಗೋತೀರಲ್ವಾ?" ಅಂತ ಕೇಳುತ್ತಿದ್ದರು. ಕೇಳಿ ನಗುತ್ತಿದ್ದರು. ಅಪ್ಪ ಅಮ್ಮನಿಂದ ನನಗೆ ಬಂದದ್ದು ಏನೂ ಇಲ್ಲ, ಮೇಷ್ಟ್ರೇ. ಒಮ್ಮೆ ಟೇಪು ಹಿಡಿದರೆ ತಪ್ಪುವುದಿಲ್ಲ ಅನ್ನುವ ಹೆಸರೊಂದನ್ನು ನಾನೇ ಸಂಪಾದಿಸಿಕೊಂಡಿದ್ದೆ. ಅದನ್ನು ನೀವು ಒಂದು ಗಾದೆ ಹೇಳಿ ಕಿತ್ತುಕೊಂಡಿರಿ. ಸ್ಟೇಷನ್ನನ್ನು ಬೀರುವಿನ ಮೇಲೆ ಇಟ್ಟಿದ್ದೆ. ಮಿಷನ್ ತುಳಿಯುವಾಗಲೆಲ್ಲ ನಿಮಗೆ ಹೇಳಬೇಕಾದ ಮಾತುಗಳನ್ನು ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಬರುತ್ತೇನೆ, ಎಲ್ಲರ ಎದುರು ನಿಮ್ಮ ಬೆರಳು ಹಿಡಿದು ಎಣಿಸುವಂತೆ ಮಾಡುತ್ತೇನೆ, ಹತ್ತಕ್ಕೆ ಬಂದಾಗ ನಿಮ್ಮ ಮುಖ...

ನೀವು ಹೋದ ಸುದ್ದಿ ಇಸ್ಮಾಯಿಲ್ ಭಾಯಿ ತಂದರು. ಎದೆ ನೋವು ಅಂದರಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ಬಂದೆ. ವರಾಂಡದಲ್ಲಿ ಮಲಗಿಸಿದ್ದರು, ಹಣೆಗೆ ವಿಭೂತಿ, ಕನ್ನಡಕ ಇರಲಿಲ್ಲ. ಎಲ್ಲರೂ ಅಳುತ್ತಿದ್ದರು. ನನಗೆ ಬಂದದ್ದು ಸಿಟ್ಟು. ನಾಲ್ಕು ವರ್ಷದಿಂದ ಕೂಡಿಟ್ಟ ಮಾತನ್ನು ಈಗ ಯಾರಿಗೆ ಹೇಳಲಿ? ಸತ್ತು ತಪ್ಪಿಸಿಕೊಂಡಿರಿ ನೀವು. ಕಾಲಿಗೆ ನಮಸ್ಕಾರ ಮಾಡು ಅಂತ ಯಾರೋ ನನ್ನನ್ನು ಮುಂದಕ್ಕೆ ತಳ್ಳಿದರು. ಮಾಡಲಿಲ್ಲ, ಹಿಂದೆ ಸರಿದೆ. ಕೋಮಳಮ್ಮ ಅದನ್ನು ನೋಡಿದರು.

ಇನ್ನು ಮುಂದಿನದು ನಿಮಗೆ ಗೊತ್ತಿಲ್ಲದ ಸುದ್ದಿ. ನಿಮ್ಮ ವರ್ಷಾಬ್ದಿಕ ಆದ ಮೇಲೆ ಸಂಘದವರು ನಿಮ್ಮ ನೆನಪಿಗೆ ಅಂತ ಒಂದು ಪ್ರದರ್ಶನ ಇಟ್ಟರು. ಚೆನ್ನೈನಲ್ಲೂ ಇಂಥದೇ ಒಂದು ಸಂಘ ಇದೆಯಂತೆ, ಅವರು ಆರು ಹಲಗೆ ತರುವುದು, ಇವರ ಎಂಟರ ಜೊತೆ ಕೂಡಿಸುವುದು ಅಂತ ಮಾತಾಯಿತು. ಇಸ್ಮಾಯಿಲ್ ಭಾಯಿ ಅಂಗಡಿಗೆ ಬಂದು, "ನಿಮ್ಮ ಸ್ಟೇಷನ್ನೂ ತನ್ನಿ ಬೆಹೆನ್, ಸುಮ್ನೆ ನೋಡೋಕೆ ಪಕ್ಕದಲ್ಲಿ ಇಡೋಣ," ಅಂದರು. ಸುಮ್ಮನೆ ನೋಡೋಕೆ! ಹೋಗುವುದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬೀರುವಿನ ಮೇಲಿಂದ ಇಳಿಸಿ, ಹಳೆಯ ಬ್ರಷ್ಷಿನಿಂದ ಧೂಳು ತೆಗೆದೆ.

ಹಲಸೂರಿನ ಆ ಹಾಲಿನಲ್ಲಿ ನಿಮ್ಮ ಫೋಟೋಗೆ ಸುಗಂಧರಾಜದ ಹಾರ ಹಾಕಿದ್ದರು. ಮುಂದಿನ ಸಾಲಿನಲ್ಲಿ ಕೋಮಳಮ್ಮ. ಚೆನ್ನೈನವರ ಹಲಗೆಯನ್ನು ನಿಮ್ಮ ಹಲಗೆಗೆ ಜೋಡಿಸಿದರು. ಹಳಿ ಸೇರಲಿಲ್ಲ. ನಮ್ಮವರೆಲ್ಲ ಒಂದೇ ಬಾಯಲ್ಲಿ, "ಅವ್ರದ್ದೇ ತಪ್ಪು, ಆರೂ ತಪ್ಪು ಮಾಡ್ಕೊಂಡು ಬಂದವ್ರೆ," ಅಂದರು. ಚೆನ್ನೈನ ಹಿರಿಯರು ಪಾಪ ಸಮಾಧಾನದಿಂದ, "ಹತ್ತು ಬಟನ್ ಅಂತ ಉಂಗ ಮೇಷ್ಟ್ರೇ ನಮಗೆ ಲೆಟರ್ ಬರ್ದಿದ್ರು ಸರ್, ರೊಂಬ ವರ್ಷದ ಹಿಂದೆ," ಅಂದರು. ನಾನು ಯಾರನ್ನೂ ಕೇಳಲಿಲ್ಲ. ನನ್ನ ಸ್ಟೇಷನ್ನು ಎತ್ತಿ ತಂದು ಅವರ ಹಲಗೆಯ ಪಕ್ಕ ಇಟ್ಟೆ. ಹಳಿ ಟಕ್ ಅಂತ ಕೂತಿತು. ಇಂಜಿನ್ ಬಿಟ್ಟೆ. ದಂಡು ನಿಲ್ದಾಣದ ಪ್ಲಾಟ್‌ಫಾರ್ಮಿಗೆ ಐದು ವರ್ಷ ತಡವಾಗಿ ಗಾಡಿ ಬಂತು.

ಇಸ್ಮಾಯಿಲ್ ಭಾಯಿ ಕಣ್ಣಿಗೆ ಗಡಿಯಾರ ರಿಪೇರಿಯ ಭೂತಗನ್ನಡಿ ಹಾಕಿಕೊಂಡು ನಿಮ್ಮ ಹಲಗೆಯ ಮೇಲೆ ಬಗ್ಗಿದರು. ಎಣಿಸಿದರು. ಅವರ ಬೆರಳೂ ಒಂಬತ್ತಕ್ಕೆ ನಿಂತಿತು. "ಯಾ ಅಲ್ಲಾ," ಅಂದರು. ಅಷ್ಟು ಸಾಕಿತ್ತು, ಬಿಡಬಹುದಿತ್ತು. ನಾನು ಬಿಡಲಿಲ್ಲ. ಮೈಕ್ ತೆಗೆದುಕೊಂಡೆ. ನಿಮ್ಮ ಫೋಟೋ ನೋಡಿಕೊಂಡೇ ಹೇಳಿದೆ, ನೀವು ಬಗ್ಗಿ ಎಣಿಸಿದ್ದು, ಗೊತ್ತಾದ ಮೇಲೂ ನನ್ನನ್ನು ನಗೆಪಾಟಲು ಮಾಡಿದ್ದು, ಹಾಳೆ ಬದಲಾಯಿಸಿದ್ದು, ಎಲ್ಲ. ಒಬ್ಬರು, "ಸತ್ತೋರ ಮೇಲೆ ಯಾಕಮ್ಮ ಈಗ," ಅಂತ ಮೈಕ್ ಹಿಡಿಯಲು ಬಂದರು. ಆಗ ಕೋಮಳಮ್ಮ ಎದ್ದು ನಿಂತರು. "ಅವಳ್ನ ಬಿಡಿ. ಅವಳು ಹೇಳ್ತಿರೋದು ನಿಜ. ಆವತ್ತು ಸಾಯಂಕಾಲ ಊಟದ ಟೇಬಲ್ ಮೇಲೇ ಕೂತು ಹೊಸ ಪೇಪರ್ ಬರದ್ರು. ಯಾಕ್ರೀ ಅಂತ ಕೇಳ್ದೆ. ನಿಂಗೆ ಇದೆಲ್ಲ ತಿಳಿಯಲ್ಲ, ಕಾಫಿ ತಗೊಂಡ್ಬಾ ಅಂದ್ರು."

ಅವತ್ತು ನಕ್ಕವರಲ್ಲಿ ಮೂರು ಜನ ಹೆಂಗಸರು ಆ ಹಾಲಿನಲ್ಲೂ ಇದ್ದರು. ಒಬ್ಬರು ಬಂದು ನನ್ನ ಕೈ ಹಿಡಿದುಕೊಂಡರು. ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಪೂರ್ತಿ ಆಗಲಿಲ್ಲ. ನಾನು ನೋಡಬೇಕಿದ್ದದ್ದು ನಿಮ್ಮ ಮುಖ, ಹಾರ ಹಾಕಿದ ಫೋಟೋವನ್ನಲ್ಲ. ಫೋಟೋದಲ್ಲಿ ನೀವು ನಗುತ್ತಲೇ ಇದ್ದಿರಿ. ಯಾಕೆ ಮೇಷ್ಟ್ರೇ? ಎಣಿಕೆ ತಪ್ಪಿತು ಕಣಮ್ಮಾ ಅಂತ ಒಂದು ಮಾತು ಅಂದಿದ್ದರೆ ನಾನೇ ಕೂತು ನಿಮ್ಮ ಹಳಿ ಸರಿಸಿ ಕೊಡುತ್ತಿದ್ದೆ. ಯಾರಿಗೂ ಹೇಳುತ್ತಲೂ ಇರಲಿಲ್ಲ. ಅಷ್ಟು ಪ್ರೀತಿ ಇತ್ತು ನಿಮ್ಮ ಮೇಲೆ.

ಆ ತಿಂಗಳೇ ಸಂಘದವರು ತಮ್ಮ ಹಲಗೆಗಳನ್ನು ಒಂದೊಂದಾಗಿ ನನ್ನ ಅಂಗಡಿಗೆ ಹೊತ್ತು ತಂದರು. ಏಳೂ ಹಲಗೆಗಳ ಹಳಿ ಕಿತ್ತು, ಒಂದು ಬಟನ್ ಹಿಂದಕ್ಕೆ ಸರಿಸಿ ಕೊಟ್ಟೆ. ಕೊನೆಗೆ ಒಂದು ಗುರುವಾರ ಕೋಮಳಮ್ಮ ಆಟೋದಲ್ಲಿ ನಿಮ್ಮ ಹಲಗೆ ತಂದರು. "ಇದನ್ನೂ ಸರಿ ಮಾಡ್ಕೊಡಮ್ಮ," ಅಂದರು. "ಆಗಲ್ಲ ಕೋಮಳಮ್ಮ. ಇದನ್ನ ಮಾತ್ರ ನನ್ನ ಕೈ ಮುಟ್ಟಲ್ಲ. ಬೇಕಿದ್ರೆ ಹೇಳ್ಕೊಡ್ತೀನಿ, ನೀವೇ ಮಾಡಿ," ಅಂದೆ. ಅವರು ಹೆದರಿ ಹಿಂದೆ ಸರಿದರು. "ನಾನಾ? ಇಷ್ಟು ವರ್ಷದಲ್ಲಿ ಒಂದು ಇಟ್ಟಿಗೆ ಮುಟ್ಟೋಕೆ ಬಿಟ್ಟಿಲ್ಲ ಅವ್ರು." ಸ್ಟೂಲು ಎಳೆದು ಕೂರಿಸಿದೆ. ಮೊದಲ ಹಳಿ ಕೀಳಲು ಅರ್ಧ ಗಂಟೆ ಹಿಡಿಯಿತು. ಎರಡನೆಯದಕ್ಕೆ ಐದು ನಿಮಿಷ.

ಅವರು ಮತ್ತೆ ಬಂದರು. ಈಗ ಪ್ರತಿ ಗುರುವಾರ ಬರುತ್ತಾರೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂರುತ್ತಾರೆ. ಒಂದು ದಿನ ನಿಮ್ಮ ಹಸಿರು ಗುಡ್ಡವನ್ನೇ ನೋಡುತ್ತಾ, "ಈ ಗುಡ್ಡ ನಂಗೆ ಒಂದು ದಿನವೂ ಇಷ್ಟ ಆಗ್ಲಿಲ್ಲಮ್ಮ. ಹಲಸೂರಲ್ಲಿ ಎಲ್ಲಿದೆ ಗುಡ್ಡ?" ಅಂದರು. ಕಿತ್ತು ಹಾಕಿದರು, ಸುರಂಗ ಸಮೇತ. ನಾನು ಡಬ್ಬಿ ಹಿಡಿದುಕೊಂಡು ನಿಂತಿದ್ದೆ, ಒಂದೊಂದು ಇಟ್ಟಿಗೆ ಅದರೊಳಗೆ ಬೀಳುವ ಸದ್ದು ಕೇಳುತ್ತಾ. ಸುಳ್ಳು ಯಾಕೆ ಹೇಳಲಿ, ಅಷ್ಟು ಸಂತೋಷ ನನಗೆ ಆ ಮೈಕಿನ ಮುಂದೆಯೂ ಆಗಿರಲಿಲ್ಲ. ಆ ಜಾಗದಲ್ಲಿ ಈಗ ಹೂವಿನ ಅಂಗಡಿಗಳ ಸಾಲು ಬಂದಿದೆ. ಅದರ ಹಿಂದೆ ಒಂದು ಮನೆ, ಮನೆಯ ಮಹಡಿಗೆ ಬಾಗಿಲೇ ಇಲ್ಲ, ಬರೀ ಮೆಟ್ಟಿಲು, ಯಾರು ಬೇಕಾದರೂ ಹತ್ತಬಹುದು.

ನಿನ್ನೆ ಹಲಗೆ ಮುಗಿಯಿತು. ಕಟ್ಟಿದವರ ಹೆಸರಿನ ಚೀಟಿಯನ್ನು ಹಲಗೆಯ ಮುಂದೆ ಅಂಟಿಸುವುದು ಈಗ ಸಂಘದ ಹೊಸ ನಿಯಮ. "ಯಾರ ಹೆಸರು ಬರೀಲಿ?" ಅಂತ ಕೇಳಿದರು. ನಾನು ರವಿಕೆಗೆ ಹುಕ್ಕು ಹಾಕುತ್ತಿದ್ದೆ. ಮೇಷ್ಟ್ರ ಹೆಸರು ಬರೆಯಿರಿ ಅಂತ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಕೊನೆಗೆ ಅವರೇ ಬರೆದರು: ಕೋಮಳಾ. ಬರೀ ಕೋಮಳಾ, ಹಿಂದೆ ಮುಂದೆ ಯಾರೂ ಇಲ್ಲ. ನಾನು ಗೋಂದಿನ ಬಾಟಲಿಯನ್ನು ಅವರ ಕಡೆ ಸರಿಸಿದೆ.

ಬರುವ ಭಾನುವಾರ ಪ್ರದರ್ಶನ. ಮೊದಲ ಹಲಗೆ ಅವರದು, ಎರಡನೆಯದು ನನ್ನದು. ನಡುವೆ ಗಾಡಿ ನಿಲ್ಲುವುದಿಲ್ಲ, ನೋಡಿ ಬಂದಿದ್ದೇನೆ. ನಿಮ್ಮ ಹೆಸರು ಎಲ್ಲೂ ಇಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ, ಮೇಷ್ಟ್ರೇ. ಇಷ್ಟು ವರ್ಷ ಹಳಿ ಯಾಕೆ ತಪ್ಪಿತ್ತು ಅಂತ ಯಾರಾದರೂ ಕೇಳಿದರೆ, ನಿಮ್ಮ ಹೆಸರು ನಾನೇ ಹೇಳುತ್ತೇನೆ.

ನಾಗವೇಣಿ, ಟೈಲರ್
ಜೋಗುಪಾಳ್ಯ